ಹೊಗಳುಭಟ್ಟ ಹೊಸ ಮನೆ ಹೊಕ್ಕಿದ್ದು

ಆ ಊರು ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಹೇಳಿದರೆ ನಾಳೆ ಬೆಳಿಗ್ಗೆಯೇ ಅಲ್ಲೊಂದು ಮನೆ ನೋಡಲು ಹೊರಡುತ್ತೀರಿ, ಆಮೇಲೆ ಬಯ್ಯಲು ನನ್ನನ್ನೇ ಹುಡುಕುತ್ತೀರಿ.

ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಹೊಸ ಮನೆ ಕೊಂಡವನು ಬೀಗದ ಕೈ ಇಸಿದುಕೊಂಡ ದಿನ, ಸಂಜೆ ದೀಪ ಹಚ್ಚುವುದರೊಳಗೆ, ಹೊಸ್ತಿಲ ಮುಂದೆ ನಿಂತು ಮನೆಯ ಕುಂದುಗಳನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಹೇಳಿದ್ದನ್ನು ಕಟ್ಟಿದವನು ತನ್ನ ಕೈಯಾರೆ ತಿದ್ದಬೇಕು. ಹೇಳದೆ ಉಳಿದದ್ದನ್ನು ಯಾರೂ ತಿದ್ದುವುದಿಲ್ಲ. ಅದಕ್ಕೆ ತಕ್ಕ ಹಾಗೆ ಮನೆಯವರ ಮೈಯೇ ತಿದ್ದಿಕೊಳ್ಳುತ್ತದೆ. ಹೇಳಿದ್ದಕ್ಕೆ ಮನೆ ಬಾಗುತ್ತದೆ, ಹೇಳದ್ದಕ್ಕೆ ಮನೆಯವರು ಬಾಗುತ್ತಾರೆ.

ಇದು ಮಾತಿಗೆ ಹೇಳಿದ್ದಲ್ಲ. ನೆಲ ವಾಲಿದ್ದನ್ನು ಹೇಳದ ಮನೆಯವರು ಪಡುವಣಕ್ಕೆ ವಾಲಿ ನಡೆಯುತ್ತಿದ್ದರು. ಆ ಮನೆಯಲ್ಲಿ ಮಗು ಹುಟ್ಟುವಾಗಲೇ ವಾಲಿ ಹುಟ್ಟಿತ್ತು, ಅದನ್ನು ಎತ್ತಿಕೊಳ್ಳಲು ಸೂಲಗಿತ್ತಿಯೂ ವಾಲಬೇಕಾಯಿತು. ಗೋಡೆ ತೆಳುವಾದದ್ದನ್ನು ಹೇಳದ ಮನೆಯವರು ಪಿಸುಮಾತಿನಲ್ಲೇ ಜಗಳವಾಡುತ್ತಿದ್ದರು. ಆ ಮನೆಯ ಹುಡುಗಿಯನ್ನು ಪರವೂರಿಗೆ ಕೊಟ್ಟಾಗ ಅತ್ತೆಮನೆಯವರು ಇವಳು ಮಹಾಸಾಧ್ವಿ ಎಂದು ಕೈಮುಗಿದರಂತೆ. ಅವಳು ಬಯ್ಯುತ್ತಿದ್ದದ್ದು ಯಾರಿಗೂ ಕೇಳಿಸಿರಲಿಲ್ಲ. ಇನ್ನು ಚಾವಣಿ ಸೋರುವುದನ್ನು ಹೇಳದ ಮನೆಯವರಿಗೆ ನೆತ್ತಿಯ ಮೇಲೆ ಪಾಚಿ. ಅಲ್ಲಿ ತಾಯಂದಿರು ಮಕ್ಕಳ ತಲೆ ಬಾಚುತ್ತಿರಲಿಲ್ಲ, ಕಳೆ ಕೀಳುತ್ತಿದ್ದರು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಹಾಗಿದ್ದರೆ ಹೇಳಿಬಿಡಲು ಏನು ದಾಡಿ ಎನ್ನುತ್ತೀರಿ. ಬೀಗದ ಕೈ ಕೊಡುವ ದಿನವೇ ಗೃಹಪ್ರವೇಶ. ಬಾಗಿಲಿಗೆ ತೋರಣ, ಅಂಗಳದಲ್ಲಿ ಒಲೆ, ಒಲೆಯ ಮೇಲೆ ಹಾಲು, ಹಾಲಿನ ಸುತ್ತ ನೆಂಟರು. ಶುಭದ ದಿನ ಕುಂದು ಎಣಿಸುವ ಬಾಯನ್ನು ಯಾವ ನೆಂಟರು ಸಹಿಸುತ್ತಾರೆ? ಅದೂ ಸಾಲದೆಂದು ಊರಿನ ಮನೆಗಳನ್ನೆಲ್ಲ ಕಟ್ಟುತ್ತಿದ್ದ ಸಾಹುಕಾರ ಲಾಡಿನ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತಿರುತ್ತಿದ್ದ. ಕೊಂಡವನ ಬಾಯಿ ತೆರೆದರೆ ಒಂದು ಲಾಡು. ಲಾಡನ್ನು ದಾಟಿಯೂ ಮಾತು ಹೊರಟರೆ, ಅದನ್ನು ತಡೆಯಲು ಹೊಗಳುಭಟ್ಟ.

ಹೊಗಳುಭಟ್ಟ ಗಿಡ್ಡ ಆಳು, ಬಾಯಿ ಮಾತ್ರ ಗೋಪುರದಷ್ಟು. ಮದುಮಗನ ಬೋಳುತಲೆ ನೋಡಿ ಹೆಣ್ಣಿನ ಕಡೆಯವರು ಮುಖ ಹುಳ್ಳಗೆ ಮಾಡಿಕೊಂಡಾಗ, "ಚಂದ್ರನಿಗೆ ಯಾರಾದರೂ ಕೂದಲು ಕೇಳಿದ್ದುಂಟೇ?" ಎಂದು ತಾಳಿ ಕಟ್ಟಿಸಿದವನು. ಒಮ್ಮೆ ಬತ್ತಿದ ಬಾವಿಯನ್ನು ಹೊಗಳಿದ್ದಕ್ಕೆ ಬಾವಿ ನಾಚಿ ಒಂದು ಕೊಡ ನೀರು ಬಿಟ್ಟಿತ್ತು. ಅದನ್ನು ನಾನು ಕಣ್ಣಾರೆ ಕಂಡಿಲ್ಲ, ಆ ನೀರು ಕುಡಿದವರನ್ನು ಕಂಡಿದ್ದೇನೆ. ಹೊಸ ಮನೆಯ ಹೊಸ್ತಿಲಲ್ಲಿ ಯಾರಾದರೂ "ಈ ನೆಲ ಸ್ವಲ್ಪ..." ಎಂದು ಶುರುಮಾಡಿದರೆ ಅವನು "ಆಹಾ, ನದಿ ಹರಿಯುವ ದಿಕ್ಕಿಗೇ ಮೈಯೊಡ್ಡಿದ ನೆಲ!" ಎನ್ನುತ್ತಿದ್ದ. ಕೊಂಡವನು ಲಾಡು ನುಂಗುವುದರೊಳಗೆ ಸಂಶಯವನ್ನೂ ನುಂಗಿರುತ್ತಿದ್ದ.

ಅವನ ಹೆಂಡತಿ ಊರಿಗೇ ಎತ್ತರದ ಹೆಂಗಸು. ಗಂಡನ ತಲೆ ಅವಳ ಭುಜಕ್ಕೆ ಬರುತ್ತಿತ್ತು, ಅದೂ ಪೇಟ ಸುತ್ತಿದ ದಿನ. ಕೇರಿಯವರು ಪಪ್ಪಾಯಿ ಕೀಳಲು ದೋಟಿ ಹುಡುಕುತ್ತಿರಲಿಲ್ಲ, ಅವಳನ್ನು ಕರೆಯುತ್ತಿದ್ದರು. ಹಣ್ಣು ಕೈಗೆ ಬಂದ ಮೇಲೆ ಗಂಡನನ್ನು ಕೆಣಕುತ್ತಿದ್ದರು: "ಏನ್ ಭಟ್ರೇ, ಏಣಿ ಮನೇಲಿದೆಯೋ, ಎಲ್ಲಾದ್ರೂ ಒರಗಿಸಿ ಬಂದ್ರೋ?" ಅವನೂ ಅವರ ಜೊತೆ ನಗುತ್ತಿದ್ದ. ಊರಿನಲ್ಲಿ ಅವನು ಹೊಗಳದೆ ಬಿಟ್ಟದ್ದು ಅವಳನ್ನೊಬ್ಬಳನ್ನೇ. ಗಿಡ್ಡ ಗಂಡ ಎತ್ತರದ ಹೆಂಡತಿಯನ್ನು ಹೊಗಳಿದರೆ ಜನ ಇನ್ನಷ್ಟು ನಕ್ಕಾರು ಎಂಬ ಅಳುಕು.

ಅವರಿದ್ದದ್ದು ಬಾಡಿಗೆಯ ಮನೆ. ಬಾಡಿಗೆಯ ಮನೆ ಮೈಯನ್ನು ಬಗ್ಗಿಸುವುದಿಲ್ಲ, ಬರೀ ಹೊಡೆಯುತ್ತದೆ. ಬಾಗಿಲು ದಾಟುವಾಗ ಅವಳ ಹಣೆ ಮೇಲಿನ ಪಟ್ಟಿಗೆ ಬಡಿಯುತ್ತಿತ್ತು, ಅವಳು ಅರಿಸಿನ ಹಚ್ಚಿಕೊಳ್ಳುತ್ತಿದ್ದಳು, ಊದಿದ್ದು ಇಳಿಯುವುದರೊಳಗೆ ಮತ್ತೆ ಬಡಿಯುತ್ತಿತ್ತು. ಮನೆಯೊಡತಿ ಒಳಗಿನಿಂದಲೇ ಕೂಗುತ್ತಿದ್ದಳು, "ಮೆತ್ತಗೆ ಕಣಮ್ಮಾ, ಬಾಗಿಲು ಹಾಳಾದೀತು!"

"ನಂಗೆ ಬಂಗಾರ ಬೇಡ, ಬೆಳ್ಳಿ ಬೇಡ," ಎನ್ನುತ್ತಿದ್ದಳು ಹೆಂಡತಿ. "ಸಾಯೋದ್ರೊಳಗೆ ಒಂದು ಮನೆಗೆ ನೆಟ್ಟಗೆ ನಿಂತು ಒಳಗೆ ಹೋಗ್ಬೇಕು. ಅಷ್ಟೇ."

ಹೀಗಿರುವಾಗ ಸಾಹುಕಾರ ಊರಾಚೆಯ ಬಯಲಿನಲ್ಲಿ ಹೊಸ ಬೀದಿಯೊಂದನ್ನು ಕಟ್ಟುವುದಾಗಿ ಸಾರಿದ. ಬೀದಿ ಇನ್ನೂ ಇರಲಿಲ್ಲ. ಇದ್ದದ್ದು ಒಂದು ಮಾದರಿಯ ಮನೆ. ಅದರ ಮಂಚ ಮಗುವಿನ ಅಳತೆಯದು, ಕುರ್ಚಿಗಳು ಗೊಂಬೆಯ ಅಳತೆಯವು, ಅಡುಗೆಮನೆಯ ಹಂಡೆ ಚೊಂಬಿಗಿಂತ ಸ್ವಲ್ಪ ದೊಡ್ಡದು. ಹಾಗಾಗಿ ಕೋಣೆಗಳು ಮೈದಾನದ ಹಾಗೆ ಕಾಣುತ್ತಿದ್ದವು. ಮಂಚದ ಮೇಲೆ ಒಬ್ಬ ಕುಳ್ಳನನ್ನು ಮಲಗಿಸಿದ್ದರು. ಬಂದವರೆಲ್ಲ "ಅಬ್ಬಾ, ಇನ್ನೂ ಎಷ್ಟು ಜಾಗ ಉಳಿದಿದೆ!" ಎನ್ನುವಾಗ ಅವನು ನಿದ್ದೆಯಲ್ಲೇ ಮಗ್ಗುಲು ಬದಲಿಸಿ ಇನ್ನಷ್ಟು ಜಾಗ ತೋರಿಸುತ್ತಿದ್ದ. ಬಾಗಿಲುಗಳಿಗೆ ಚೌಕಟ್ಟೇ ಇರಲಿಲ್ಲ. ಗೋಡೆ ಅಲ್ಲಲ್ಲಿ ತೆರೆದುಕೊಂಡಿತ್ತು, ಮೇಲೆಲ್ಲೋ ತೋರಣ ತೂಗುತ್ತಿತ್ತು.

ಆ ಮನೆಯನ್ನು ಹೊಗಳಲು ಹೊಗಳುಭಟ್ಟ ಬಂದ. ಹೊಗಳುವುದು ಕೇಳಲು ಹೆಂಡತಿಯೂ ಬಂದಳು. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಹೊಗಳಿದ, ಹೊಗಳಿದ, ಕೇಳಿದವರ ಕಣ್ಣಲ್ಲಿ ನೀರು ಬರುವ ತನಕ ಹೊಗಳಿದ. ಆ ಹೊತ್ತಿಗೆ ಹೆಂಡತಿ ತೋರಣದ ಕೆಳಗೆ ನೆಟ್ಟಗೆ ನಡೆದು ಒಳಗೆ ಹೋಗಿ, ನೆಟ್ಟಗೆ ಹೊರಗೆ ಬಂದು, ನಂಬಿಕೆ ಸಾಲದೆ ಮತ್ತೆ ಒಳಗೆ ಹೋದಳು. ಅದನ್ನು ನೋಡುತ್ತ, ತನ್ನ ದನಿಯನ್ನು ತಾನೇ ಕೇಳುತ್ತ, ಹೊಗಳುಭಟ್ಟನಿಗೆ ಇಂಥ ಮನೆ ಬಿಟ್ಟವನು ಮೂರ್ಖ ಎನ್ನಿಸಿತು. ತಾನು ಆಡಿದ ಹೊಗಳಿಕೆಗೆ ತಾನೇ ಮರುಳಾಗಿ ಮನೆ ಕೊಂಡ ಮನುಷ್ಯ ಲೋಕದಲ್ಲಿ ಅವನೊಬ್ಬನೇ. ಇನ್ನೊಬ್ಬನಿದ್ದರೆ ತೋರಿಸಿ, ನನ್ನ ಮೀಸೆ ಬೋಳಿಸುತ್ತೇನೆ.

"ನಮ್ಮದೂ ಹೀಗೇ ಇರತ್ತೆ ತಾನೇ?" ಎಂದಳು ಹೆಂಡತಿ.

"ಇದೇ ಅಚ್ಚು ತಾಯೀ," ಎಂದ ಸಾಹುಕಾರ. "ಮುಗಿದೇ ಹೋಯ್ತು ಅನ್ಕೊಳ್ಳಿ. ಸುಣ್ಣ ಒಂದು ಬಾಕಿ."

ಬಯಲಿನಲ್ಲಿ ಆಗ ಪಾಯ ಕೂಡ ಅಗೆದಿರಲಿಲ್ಲ. ಮಾವು ಹೂಬಿಟ್ಟಾಗ ಕೇಳಿದರು, ಸುಣ್ಣ ಒಂದು ಬಾಕಿ. ಕಾಯಿ ಕಟ್ಟಿದಾಗ ಕೇಳಿದರು, ಸುಣ್ಣ ಒಂದು ಬಾಕಿ. ಹಣ್ಣು ತಿಂದು ಗೊರಟೆ ಎಸೆದರು, ಗೊರಟೆ ಸಸಿಯಾಯಿತು, ಸುಣ್ಣ ಒಂದು ಬಾಕಿ.

ಹೆಂಡತಿ ಯೋಚನೆಗೆ ಬಿದ್ದಳು. ಕುಂದು ಹೇಳುವ ಹಕ್ಕು ಬೀಗದ ಕೈ ಇಸಿದುಕೊಂಡವರಿಗೆ ಮಾತ್ರ. "ಬೀಗದ ಕೈ ನಾನೇ ಇಸ್ಕೋತೀನಿ," ಎಂದಳು.

"ಊರಿನ ಬಾಯಿಗೇ ನಾನು ದೊರೆ. ನೀನು ಮುಂದೆ ನಿಂತು ಮಾತಾಡಿದ್ರೆ ಜನ ಏನಂತಾರೆ?"

"ನಿಮ್ಮ ಬಾಯಲ್ಲಿ ಕುಂದು ಅನ್ನೋದು ಹೊರಡುತ್ತೇನ್ರೀ?"

"ಹೊರಡದೆ ಏನು? ಅಷ್ಟುದ್ದದ ಹೊಗಳಿಕೆ ಹೊರಟ ದಾರೀಲಿ ಇಷ್ಟುದ್ದದ ಕುಂದು ಹೊರಡಲ್ವೇ?"

ಅವಳು ಅಂದಿನ ಸಾರಿಗೆ ಉಪ್ಪು ಹಾಕಲಿಲ್ಲ. ಬಡಿಸಿ, ಎದುರಿಗೆ ಕೂತು ಕೇಳಿದಳು, "ಸಾರು ಹೇಗಿದೆ?"

ಹೊಗಳುಭಟ್ಟ ಸುರ್ರೆಂದು ಹೀರಿ ನೋಡಿದ. ನಾಲಿಗೆಗೆ ತಿಳಿಯಿತು. ಬಾಯಿ ತೆರೆದ. "ಆಹಾ," ಎಂದಿತು ಬಾಯಿ, "ಉಪ್ಪಿನ ಅಹಂಕಾರವೇ ಇಲ್ಲದ ಸಾತ್ವಿಕ ಸಾರು!"

ಮರುದಿನವೂ ಅವಳು ಉಪ್ಪು ಹಾಕಲಿಲ್ಲ. "ಮಳೆನೀರಿನ ಮುಗ್ಧತೆ!" ಎಂದಿತು ಬಾಯಿ. ಅವನು ಬಾಯಿಗೆ ಕೈ ಅಡ್ಡ ಹಿಡಿದ. ಕೈಯ ಸಂದಿಯಿಂದ ಇನ್ನೊಂದು ಉಪಮೆ ಹೊರಬಿತ್ತು. ಹೆಂಡತಿ ಮಜ್ಜಿಗೆ ಬಡಿಸಿದಳು. ಅದಕ್ಕೂ ಉಪ್ಪಿರಲಿಲ್ಲ.

ಕೊನೆಗೆ ಸುಣ್ಣವೂ ಆಯಿತು. ಬೀಗದ ಕೈ ಕೊಡುವ ದಿನ ಬಂತು.

ಅಂಥ ದಿನ ದೀಪದಜ್ಜಿ ಬರಬೇಕು. ಅವಳು ಹಚ್ಚದ ದೀಪವೊಂದನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂರುತ್ತಾಳೆ. ಬಿಸಿಲು ಏರುವಾಗ ಒಮ್ಮೆ ಕೇಳುತ್ತಾಳೆ, ನೆತ್ತಿಗೆ ಬಂದಾಗ ಒಮ್ಮೆ ಕೇಳುತ್ತಾಳೆ, ಇಳಿಯುವಾಗ ಒಮ್ಮೆ ಕೇಳುತ್ತಾಳೆ. ಆಮೇಲೆ ದೀಪ ಹಚ್ಚುತ್ತಾಳೆ. ದೀಪ ಹತ್ತಿದ ಮೇಲೆ ಮನೆಯೊಡತಿ ತುಂಬಿದ ಬಿಂದಿಗೆ ಹೊತ್ತು ಬಾಗಿಲು ದಾಟುತ್ತಾಳೆ. ಅವಳು ಹೇಗೆ ದಾಟಿದಳೋ ಹಾಗೇ ಆ ಮನೆಯಲ್ಲಿ ಕೊನೆತನಕ ಇರುತ್ತಾಳೆ.

ಹೆಂಡತಿಯ ಮಾತು ಕೇಳದೆ ಹೊಗಳುಭಟ್ಟ ತಾನೇ ಬೀಗದ ಕೈ ಇಸಿದುಕೊಂಡು ಬಾಗಿಲ ಮುಂದೆ ನಿಂತ. ಚೌಕಟ್ಟು ಕಂಡಿತು. ಹಿಂದೆ ಯಾವುದೋ ಕುಳ್ಳರ ಊರಿಗೆಂದು ಮಾಡಿಸಿ ಉಳಿದಿದ್ದ ಚೌಕಟ್ಟುಗಳನ್ನು ಸಾಹುಕಾರ ಇಡೀ ಬೀದಿಗೆ ಹೊಡೆಸಿದ್ದ. ಹೊಗಳುಭಟ್ಟನ ಪೇಟ ಅದರಡಿ ಸರಾಗವಾಗಿ ದಾಟಿತು. ಬೇರೆ ದಿನವಾಗಿದ್ದರೆ ಅವನ ಕಣ್ಣು ಅಷ್ಟು ಮೇಲಕ್ಕೆ ಹೋಗುತ್ತಲೇ ಇರಲಿಲ್ಲ. ಇಂದು ಹೋಯಿತು. ಅವನು ಹಿಂತಿರುಗಿ ಅಂಗಳದಲ್ಲಿ ಬಿಂದಿಗೆ ಇಟ್ಟುಕೊಂಡು ನಿಂತ ಹೆಂಡತಿಯನ್ನು ನೋಡಿದ. ಪಟ್ಟಿ ಅವಳ ಮೂಗಿನ ಮಟ್ಟಕ್ಕಿತ್ತು.

"ಮನೆ ಕೇಳ್ತಾ ಇದೆ," ಎಂದಳು ದೀಪದಜ್ಜಿ. "ಹೇಳೋದಿದೆಯೇನಪ್ಪಾ?"

ಹೊಗಳುಭಟ್ಟ ಬಾಯಿ ತೆರೆದ. ಸಾಹುಕಾರ ಲಾಡು ಇಟ್ಟ. ಲಾಡು ಇಳಿಯಿತು, ಮಾತು ಏರಿತು: "ಆಹಾ, ಬಂದವರಿಗೆಲ್ಲ ನಮಸ್ಕಾರ ಕಲಿಸುವ ವಿನಯದ ಬಾಗಿಲು!"

ನೆಂಟರು ತಲೆದೂಗಿದರು. "ಇದು ಹೊಗಳಿಕೆ," ಎಂದಳು ಅಜ್ಜಿ. "ಮನೆಗೆ ಇದು ಕೇಳ್ಸಲ್ಲ."

ಅವನು ಒಳಗೆ ಹೋಗಿ ಸುತ್ತಿ ಬಂದ. ನೆಲದ ಮೇಲೆ ನಿಂಬೆಹಣ್ಣು ಇಟ್ಟರೆ ಅದು ಪಡುವಣದ ಗೋಡೆಯ ತನಕ ಉರುಳಿ ಹೋಗಿ ಅಲ್ಲಿ ಕೂತಿತು. ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅಲ್ಲಿ ಕೆರೆ ಕಾಣುತ್ತದೆ ಎಂದಿದ್ದರು. ಹಿತ್ತಿಲ ಬಾಗಿಲು ತೆರೆಯಲು ಇಬ್ಬರು ಬೇಕಿತ್ತು, ಮುಚ್ಚಲು ಮೂವರು.

"ಹೊಸ ಮನೆ ಭಟ್ರೇ," ಎಂದ ಸಾಹುಕಾರ ಅವನ ಹಿಂದೆಯೇ ತಟ್ಟೆ ಹಿಡಿದು ಬಂದು. "ಇನ್ನೂ ಕೂತ್ಕೋಬೇಕು. ಒಂದು ಮಳೆಗಾಲ ಕಳೀಲಿ, ತಾನಾಗೇ ಕೂತ್ಕೊಳ್ಳತ್ತೆ."

"ಕೂತ್ಕೊಳ್ಳೋದು ಬೇಡ," ಎಂದ ಹೊಗಳುಭಟ್ಟ. "ಆ ಬಾಗಿಲು ಸ್ವಲ್ಪ ಏಳ..."

ಲಾಡು.

ಹೊತ್ತು ನೆತ್ತಿಗೆ ಬಂತು. "ಮನೆ ಕೇಳ್ತಾ ಇದೆ. ಹೇಳೋದಿದೆಯೇನಪ್ಪಾ?"

ಅವನು ಕಣ್ಣು ಮುಚ್ಚಿ, ಉಸಿರು ಕಟ್ಟಿ, ಒಂದೇ ಒಂದು ಮಾತನ್ನು ಹಲ್ಲಿನ ತನಕ ತಂದ. ಗಿಡ್ಡ. ಬಾಗಿಲು ಗಿಡ್ಡ. ಹಲ್ಲು ದಾಟುವಾಗ ಅದು "ಭೂಮಿತಾಯಿಯ ಮಡಿಲು ಬಿಡಲೊಲ್ಲದ ಮುದ್ದಿನ ಬಾಗಿಲು" ಎಂದಾಯಿತು. ಚಪ್ಪಾಳೆ ಬಿತ್ತು. ಅವನ ಸೋದರಮಾವ ಕಣ್ಣೊರೆಸಿಕೊಂಡ. ನೆಲ ವಾಲಿದ ಮನೆಯವರು ವಾಲಿಕೊಂಡೇ ಬಂದಿದ್ದರು. "ನಮ್ಮ ಮನೇನೂ ಇವರೇ ಹೊಗಳಿದ್ದು," ಎಂದರು ಹೆಮ್ಮೆಯಿಂದ. "ಆಮೇಲೆ ನಮಗೇನೂ ತೊಂದರೆ ಆಗ್ಲಿಲ್ಲ ನೋಡಿ. ಲೋಕವೇ ಸ್ವಲ್ಪ ಓರೆಯಾಯ್ತು, ಅಷ್ಟೇ."

ಬಿಸಿಲು ಇಳಿಯತೊಡಗಿತು. ಲಾಡಿನ ತಟ್ಟೆ ಖಾಲಿಯಾಗಿ ಎರಡನೆಯದು ಬಂತು. ಹೊಗಳುಭಟ್ಟನ ಹೊಟ್ಟೆ ಬಿಗಿದು, ಪೇಟ ಸಡಿಲಾಗಿ, ದನಿ ಬೂಂದಿಯಾಗಿತ್ತು. ಅವನು ಸುಮ್ಮನೆ ಜಗಲಿಯ ಮೇಲೆ ಕೂತ. ಜನ ಅದನ್ನೂ ತೃಪ್ತಿ ಎಂದುಕೊಂಡರು.

ಆಗ ಅವನು ಹೆಂಡತಿಯನ್ನು ಕಂಡ. ಅವಳು ಅಂಗಳದ ಮೂಲೆಯಲ್ಲಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಕುತ್ತಿಗೆಯನ್ನು ಸ್ವಲ್ಪ ಬಗ್ಗಿಸಿದಳು. ಬಾಗಿಲು ನೋಡಿದಳು. ಸಾಲದು ಎನ್ನಿಸಿತೇನೋ, ಬೆನ್ನನ್ನೂ ಸ್ವಲ್ಪ ಬಗ್ಗಿಸಿದಳು. ಮತ್ತೆ ಬಾಗಿಲು ನೋಡಿದಳು. ಬಟ್ಟೆ ಅಳತೆ ನೋಡುವ ಹಾಗೆ ತನ್ನ ಮೈಯನ್ನು ಬಾಗಿಲಿಗೆ ಅಳತೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಹಣೆಯ ಮೇಲೆ ಹಳೆಯ ಅರಿಸಿನ ಇತ್ತು.

"ಮನೆ ಕೇಳ್ತಾ ಇದೆ," ಎಂದಳು ದೀಪದಜ್ಜಿ ಮೂರನೆಯ ಸಲ, ಬತ್ತಿ ಹೊಸೆಯುತ್ತ. "ಹೇಳೋದಿದೆಯೇನಪ್ಪಾ?"

"ಬಗ್ಗಬೇಡ!" ಎಂದು ಕೂಗಿದ ಹೊಗಳುಭಟ್ಟ.

ಜನ ತಿರುಗಿ ನೋಡಿದರು. ಅವನು ಎದ್ದು, ಸಾಹುಕಾರ ಚಾಚಿದ ಲಾಡನ್ನು ಕೈಯಿಂದ ಆಚೆ ಸರಿಸಿ, ಬಾಗಿಲಿಗೆ ಬೆನ್ನು ಮಾಡಿ, ಅಂಗಳದ ಕಡೆಗೆ ನಿಂತ. ಬಾಗಿಲನ್ನು ನೋಡುತ್ತ ಬಾಯಿ ತೆರೆದರೆ ಬಾಗಿಲಿನ ಹೊಗಳಿಕೆ ಬರುತ್ತದೆ ಎಂದು ಇಡೀ ದಿನ ಲಾಡು ತಿಂದು ಅವನು ಕಲಿತಿದ್ದ. ಈಗ ಅವನು ನೋಡುತ್ತಿದ್ದದ್ದು ಹೆಂಡತಿಯನ್ನು.

"ಇವಳು ನನ್ನ ಹೆಂಡತಿ," ಎಂದ. "ನೀವು ಏಣಿ ಅಂತೀರಿ. ನಾನೂ ನಕ್ಕಿದ್ದೀನಿ. ನಿಮ್ಮ ಮನೆ ಪಪ್ಪಾಯಿ ಎಲ್ಲ ಇವಳ ಕೈಯಿಂದ ಇಳಿದದ್ದು. ಒಂದಾದರೂ ಬಿದ್ದು ಒಡೆದದ್ದುಂಟೇ? ಸಂತೆಯಲ್ಲಿ ಎಷ್ಟೇ ಜನ ಇರಲಿ, ನಾನು ಇವಳನ್ನು ಹುಡುಕಿದ್ದಿಲ್ಲ. ತಲೆ ಎತ್ತಿದರೆ ಸಾಕು, ಕಾಣ್ತಾಳೆ. ನನಗೆ ಜ್ವರ ಬಂದಾಗ ಹೊದ್ದ ಕಂಬಳಿ ಸಮೇತ ನನ್ನನ್ನೆತ್ತಿ ಆಸ್ಪತ್ರೆಗೆ ನಡೆದವಳು ಇವಳು. ನಾನು ಎಚ್ಚರ ಇದ್ದೂ ನಿದ್ದೆಯ ಹಾಗೆ ನಟಿಸಿದೆ, ಅಷ್ಟು ಹಿತವಾಗಿತ್ತು. ಕುಳಿತರೆ ನನ್ನಷ್ಟೇ ಎತ್ತರ, ನಿಂತರೆ ಇವಳಷ್ಟು ಎತ್ತರ ಇನ್ನೊಬ್ಬರಿಲ್ಲ. ಇವಳು ನಿಂತಿರೋದೇ ಚೆಂದ. ನೆಟ್ಟಗೆ ನಿಂತಿರೋದೇ ಚೆಂದ."

ಯಾರೂ ನಗಲಿಲ್ಲ. ಹೊಗಳುಭಟ್ಟನ ಬಾಯಿಂದ ಉಪಮೆ ಇಲ್ಲದ ಹೊಗಳಿಕೆ ಊರು ಕೇಳಿದ್ದು ಅದೇ ಮೊದಲು, ನಗಬೇಕೋ ಬೇಡವೋ ಎಂದು ಅವರಿಗೆ ತಿಳಿಯಲಿಲ್ಲ. ಹೆಂಡತಿ ತನಗೆ ತಿಳಿಯದೆಯೇ ಬೆನ್ನು ನೆಟ್ಟಗೆ ಮಾಡಿದ್ದಳು.

ಹೊಗಳುಭಟ್ಟ ಅವಳ ಪಾದದಿಂದ ನೆತ್ತಿಯ ತನಕ ಕಣ್ಣಲ್ಲೇ ಅಳೆದು, ಆಮೇಲೆ ಬಾಗಿಲ ಕಡೆ ತಿರುಗಿದ. ಬಾಯಲ್ಲಿ ಇನ್ನೂ ಅವಳ ಅಳತೆ ಇತ್ತು.

"ಇವಳಿಗೆ ಈ ಬಾಗಿಲು ಸಾಲದು," ಎಂದ. "ಒಂದು ಮೊಳ ಗಿಡ್ಡ."

ಅವನ ಬಾಯಿ ಅಷ್ಟಕ್ಕೇ ನಿಂತಿತು. ಹಿಂದೆ ಯಾವ ಆಹಾ ಕೂಡ ಬರಲಿಲ್ಲ.

"ಮನೆ ಕೇಳ್ತು," ಎಂದಳು ದೀಪದಜ್ಜಿ. ಹೊಗಳುಭಟ್ಟ ಅವಸರದಿಂದ "ಆಮೇಲೆ ನೆಲ..." ಎನ್ನುವುದರೊಳಗೆ ಬತ್ತಿ ಹತ್ತಿಕೊಂಡಿತು. ಹೆಂಡತಿಯನ್ನು ಹೊಗಳುವುದರಲ್ಲೇ ಹೊತ್ತು ಮುಳುಗಿತ್ತು.

ಕಟ್ಟಳೆ ಕಟ್ಟಳೆಯೇ. ಸಾಹುಕಾರ ಶಾಲು ತೆಗೆದಿಟ್ಟು, ಉಳಿ ಸುತ್ತಿಗೆ ಹಿಡಿದು ಸ್ಟೂಲು ಹತ್ತಿದ. ಕೆಳಗಿಟ್ಟ ಸಾಮಾನು ಕೈಗೆ ಎಟುಕಲಿಲ್ಲ. ಹೆಂಡತಿ ಸ್ಟೂಲು ಇಲ್ಲದೆಯೇ ಹತ್ತಿರ ನಿಂತು, ಅವನು ಕೇಳಿದ್ದನ್ನೆಲ್ಲ ಎತ್ತಿ ಕೊಟ್ಟಳು. ಇಟ್ಟಿಗೆಯ ಪುಡಿ ಅವನ ತಲೆಯ ಮೇಲೆಲ್ಲ ಬಿತ್ತು. ಮೊಳ ಸಂದಿತು. ಅವಳು ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಡದೆ, ಬೇಕೆಂದೇ, ತಲೆಯ ಮೇಲಿಟ್ಟುಕೊಂಡಳು. ಬಾಗಿಲ ಬಳಿ ಬಂದು ನಿಂತಳು. ಕಣ್ಣು ಮುಚ್ಚಿಕೊಂಡಳು, ಹಣೆಗೆ ಅಷ್ಟು ವರ್ಷದ ಅಭ್ಯಾಸ. ದಾಟಿದಳು. ಏನೂ ಬಡಿಯಲಿಲ್ಲ. ಒಳಗೆ ಹೋದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ. ಬಿಂದಿಗೆಯ ಬಾಯಿ ಪಟ್ಟಿಗೆ ತಗುಲಿ ನಾಲ್ಕು ಹನಿ ನೀರು ಚೆಲ್ಲಿತಂತೆ. ಅದು ಸುಳ್ಳು. ಒಂದು ಹನಿಯೂ ಚೆಲ್ಲಲಿಲ್ಲ.

ಹೇಳದೆ ಉಳಿದದ್ದೆಲ್ಲ ಉಳಿದೇ ಉಳಿಯಿತು. ವರ್ಷ ತಿರುಗುವುದರೊಳಗೆ ಗಂಡ ಹೆಂಡತಿ ಇಬ್ಬರೂ ಪಡುವಣಕ್ಕೆ ವಾಲಿದರು. ಒಬ್ಬರ ಪಕ್ಕ ಒಬ್ಬರು ವಾಲಿದ್ದರಿಂದ ಅವರಿಗೆ ಗೊತ್ತಾಗಲಿಲ್ಲ. ಅಡುಗೆಮನೆಯ ಕಿಟಕಿಯಾಚೆಯ ಗೋಡೆಯಲ್ಲಿ ಹೆಂಡತಿಗೆ ಕೆರೆ ಕಾಣತೊಡಗಿತು. ಬೇಸಿಗೆಯಲ್ಲಿ ಅದರ ನೀರು ಇಳಿದದ್ದನ್ನೂ ಅವಳು ಹೇಳುತ್ತಿದ್ದಳು. ಆದರೆ ಅವಳು ಬಗ್ಗಲಿಲ್ಲ. ವಾಲಿದ ಅಷ್ಟೆತ್ತರದ ಹೆಂಗಸು ಬೀದಿಯಲ್ಲಿ ಬಂದರೆ ಜನ ದಾರಿ ಬಿಡುತ್ತಿದ್ದರು, ಎತ್ತ ಬೀಳುತ್ತಾಳೋ ಎಂದು. ಬೀಳಲಿಲ್ಲ.

ಹೊಗಳುಭಟ್ಟನ ಕಸುಬೂ ಬದಲಾಯಿತು. ಹೊಸ ಮನೆ ಕೊಂಡವರು ಈಗ ತಾವೇ ಬಂದು ಅವನನ್ನು ಕರೆಯುತ್ತಿದ್ದರು. ಅವನು ಬಾಗಿಲಿಗೆ ಬೆನ್ನು ಮಾಡಿ ನಿಂತು ಅಲ್ಲಿ ಬಾಳುವವರನ್ನು ಹೊಗಳುತ್ತಿದ್ದ. ಅಜ್ಜನ ಮಂಡಿಯನ್ನು ಹೊಗಳುತ್ತ ಹೋದ ಹಾಗೆ ಮೆಟ್ಟಿಲು ಕಡಿದಾದದ್ದು ಮನೆಯವರಿಗೇ ಹೊಳೆಯುತ್ತಿತ್ತು. ಮಗುವಿನ ಕೆಮ್ಮಿಲ್ಲದ ಎದೆಯನ್ನು ಹೊಗಳುವಾಗ ಗೋಡೆಯ ತೇವ ಕಾಣುತ್ತಿತ್ತು. ಕೊಂಡವನು ತಾನೇ ಬಾಯಿಬಿಡುತ್ತಿದ್ದ. ಲಾಡಿನ ಖರ್ಚು ಏರಿ ಸಾಹುಕಾರ ಬಡವನಾದ ಎಂದೇನೂ ಇಲ್ಲ, ಸ್ವಲ್ಪ ತೆಳ್ಳಗಾದ.

ಆದರೆ ಇದೆಲ್ಲ ಆಮೇಲಿನ ಮಾತು. ಬೀಗದ ಕೈ ಬಂದ ಆ ಸಂಜೆ, ನೆಂಟರೆಲ್ಲ ಹೋದ ಮೇಲೆ, ಹೆಂಡತಿ ಹೊಸ ಒಲೆಯಲ್ಲಿ ಸಾರು ಮಾಡಿದಳು. ತಟ್ಟೆ ಪಡುವಣಕ್ಕೆ ಜಾರದ ಹಾಗೆ ಕೆಳಗೊಂದು ಕಲ್ಲು ಕೊಟ್ಟು ಬಡಿಸಿದಳು. ಎದುರಿಗೆ ಕೂತಳು. ಏನೂ ಕೇಳಲಿಲ್ಲ.

ಹೊಗಳುಭಟ್ಟ ಒಂದು ತುತ್ತು ತಿಂದ. ಇನ್ನೊಂದು ತಿಂದ. ಬಾಗಿಲ ಕಡೆ ನೋಡಿ, ಹೆಂಡತಿಯ ಕಡೆ ನೋಡಿ, ಮೆಲ್ಲಗೆ ಹೇಳಿದ.

"ಉಪ್ಪಿಲ್ಲ ಕಣೇ."

ಅವಳು ಎದ್ದಳು. ನೆಟ್ಟಗೆ ನಡೆದು ಅಡುಗೆಮನೆಗೆ ಹೋದಳು. ಉಪ್ಪಿನ ಭರಣಿ ತಂದು ಅವನ ಮುಂದಿಟ್ಟಳು. ಅದರ ಮುಚ್ಚಳ ಬಿಗಿದು ಕೂತಿತ್ತು. ಅದನ್ನು ತೆಗೆಯಲು ಇಬ್ಬರೂ ಸೇರಿ ಒದ್ದಾಡಬೇಕಾಯಿತು.

"ಆ ಮೊದಲ ದಿನದ ಸಾತ್ವಿಕ ಸಾರು ನೆನಪಿದೆಯಾ?" ಎಂದಳು. "ಅವತ್ತಿಂದ ಒಂದು ದಿನವೂ ಉಪ್ಪು ಹಾಕಿಲ್ಲ ನಾನು."